ಒಂದೇ ಮಾತು, ಎರಡು ಸಾಲು

‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ ಎಂಬ ಕಂಪ್ಯೂಟರ್ ಆಟದಲ್ಲಿ ಎದುರಿಗಿರುವವರಿಗೆ ಉತ್ತರ ಕೊಡಬೇಕಾದಾಗಲೆಲ್ಲ ನಾವು ಆಡಬಹುದಾದ ಮಾತುಗಳ ಪಟ್ಟಿಯೊಂದು ಪರದೆಯ ಮೇಲೆ ಮೂಡುತ್ತದೆ. ಆ ಪಟ್ಟಿಯಲ್ಲಿ ಕೆಲವೊಮ್ಮೆ ಒಂದೇ ವಾಕ್ಯ ಎರಡು ಸಲ ಕಾಣಿಸುತ್ತದೆ. ಒಂದರ ಆರಂಭದಲ್ಲಿ ‘ನಿಜ’ ಎಂಬರ್ಥದ ಪದವಿರುತ್ತದೆ, ಇನ್ನೊಂದರ ಆರಂಭದಲ್ಲಿ ‘ಸುಳ್ಳು’ ಎಂಬರ್ಥದ್ದು. ಕೇಳಿಸಿಕೊಳ್ಳುವವರಿಗೆ ಎರಡೂ ಒಂದೇ ಮಾತು. ಬಹಳ ಸಲ ಅವರು ಕೊಡುವ ಮರುಮಾತು ಕೂಡ ಒಂದೇ. ಮನಸ್ಸಿನಲ್ಲಿ ಏನಿಟ್ಟುಕೊಂಡು ನಾವು ಆ ಮಾತನ್ನು ಆಡಿದೆವು ಎಂಬುದು ಮಾತ್ರ ಬೇರೆ. ಆಟದ ಆರಂಭದಲ್ಲಿ ಒಳಿತಿಗೂ ಕೆಡುಕಿಗೂ ಸೇರದೆ ನಟ್ಟನಡುವೆ ನಿಂತಿರುವ ನಾಯಕನ ಸ್ವಭಾವ ಇಂತಹ ಸಣ್ಣ ಸಣ್ಣ ಆಯ್ಕೆಗಳಿಂದ ನಿಧಾನವಾಗಿ ಒಂದು ಕಡೆಗೆ ವಾಲುತ್ತಾ ಹೋಗುತ್ತದೆ.

ಮೊದಲ ಬಾರಿ ಇಂತಹ ಜೋಡಿ ಸಾಲು ಎದುರಾದಾಗ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅಲ್ಲಿಯವರೆಗೆ ನಾನು ಆಡಿದ್ದ ಯಾವ ಆಟವೂ ನನ್ನನ್ನು ಅಂತಹ ಪ್ರಶ್ನೆ ಕೇಳಿರಲಿಲ್ಲ. ಏನು ಮಾಡುತ್ತೀಯೆ ಎಂದು ಕೇಳಿದ್ದವು, ಯಾರ ಪಕ್ಷ ವಹಿಸುತ್ತೀಯೆ ಎಂದು ಕೇಳಿದ್ದವು. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಮನಸ್ಸು ನಿನಗಿದೆಯೇ ಎಂದು ಯಾವುದೂ ಕೇಳಿರಲಿಲ್ಲ.

ಹಳೆಯ ಕಥಾಪ್ರಧಾನ ಆಟಗಳ ವಿಷಯ ಬಂದಾಗಲೆಲ್ಲ ಆಟಗಾರರ ನಡುವೆ ನಡೆಯುವ ವಾದವನ್ನು ನಾನು ಅನೇಕ ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಯಾವ ಆಟದಲ್ಲಿ ಎಷ್ಟು ಮುಕ್ತಾಯಗಳಿವೆ, ನಮ್ಮ ನಿರ್ಧಾರದಿಂದ ಕಥೆಯ ಎಷ್ಟು ಭಾಗ ಬದಲಾಗುತ್ತದೆ ಎಂಬುದರ ಮೇಲೆಯೇ ಹೆಚ್ಚಿನವರು ಆಟವನ್ನು ತೂಗುತ್ತಾರೆ. ಕೊನೆ ಒಂದೇ ಆದರೆ ಆಯ್ಕೆ ಕೊಟ್ಟು ಪ್ರಯೋಜನವೇನು ಎಂದು ಕೇಳುತ್ತಾರೆ. ಈ ಅಳತೆಗೋಲೇ ಸರಿಯಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಬಗೆಯ ಆಟಗಳು ಅತ್ಯಂತ ಎತ್ತರಕ್ಕೆ ಏರಿರುವುದು ಆಟಗಾರನ ಮಾತಿಗೆ ತೂಕ ಬಂದಿರುವ ಕಡೆಗಳಲ್ಲಿ. ಆ ತೂಕ ಫಲಿತಾಂಶದಿಂದಲೇ ಬರಬೇಕೆಂದಿಲ್ಲ. ಆಡಿದವನು ಅದನ್ನು ಹೊತ್ತುಕೊಂಡು ಮುಂದೆ ನಡೆಯಬೇಕಾಗುತ್ತದೆ ಎಂಬುದರಿಂದಲೂ ಬರುತ್ತದೆ.

‘ಟಾರ್ಮೆಂಟ್’ ಬಿಡುಗಡೆಯಾದದ್ದು 1999ರಲ್ಲಿ. ಬ್ಲ್ಯಾಕ್ ಐಲ್ ಸ್ಟುಡಿಯೋಸ್ ತಯಾರಿಸಿದ ಈ ಆಟದ ಮುಖ್ಯ ವಿನ್ಯಾಸಕಾರ ಕ್ರಿಸ್ ಅವೆಲೋನ್. ಅದರಲ್ಲಿರುವ ಪಠ್ಯ ಸುಮಾರು 8 ಲಕ್ಷ ಪದಗಳಷ್ಟು ಎಂದು ಹೇಳುತ್ತಾರೆ. ಸಿಗಿಲ್ ಎಂಬ ನಗರದ ಶವಾಗಾರದ ಕಲ್ಲುಹಾಸಿನ ಮೇಲೆ ಹೆಸರಿಲ್ಲದ ಒಬ್ಬ ಮನುಷ್ಯ ಎಚ್ಚರಗೊಳ್ಳುವುದರಿಂದ ಕಥೆ ಆರಂಭವಾಗುತ್ತದೆ. ಅವನಿಗೆ ಸಾವಿಲ್ಲ, ನೆನಪೂ ಇಲ್ಲ. ತನಗೆ ತಾನೇ ಬರೆಸಿಕೊಂಡ ಸೂಚನೆಗಳು ಅವನ ಬೆನ್ನಿನ ಮೇಲೆ ಹಚ್ಚೆಯಾಗಿ ಉಳಿದಿವೆ. ಅವುಗಳನ್ನು ಓದಿ ಹೇಳುವುದು ಗಾಳಿಯಲ್ಲಿ ತೇಲುವ ಮೋರ್ಟ್ ಎಂಬ ಮಾತಾಡುವ ತಲೆಬುರುಡೆ. ಉಳಿದ ಆಟಗಳಲ್ಲಿ ನಾಯಕ ಸತ್ತರೆ ಆಟ ಮುಗಿಯುತ್ತದೆ. ಇಲ್ಲಿ ಸಾಮಾನ್ಯವಾಗಿ ಅವನು ಮತ್ತೆ ಎದ್ದು ಕೂರುತ್ತಾನೆ. ಹಾಗಾಗಿ ಬದುಕಿ ಉಳಿಯುವುದು ಇಲ್ಲಿ ಪ್ರಶ್ನೆಯೇ ಅಲ್ಲ. ಹಿಂದಿನ ಜನ್ಮಗಳೆನ್ನಬಹುದಾದಷ್ಟು ದೂರದ ತನ್ನದೇ ಬದುಕುಗಳಲ್ಲಿ ತಾನು ಏನೇನು ಮಾಡಿದ್ದೆ, ಯಾರ್‍ಯಾರ ಬಾಳನ್ನು ಹಾಳುಮಾಡಿದ್ದೆ ಎಂಬುದನ್ನು ಅವನು ಕಂಡುಕೊಳ್ಳಬೇಕು.

ಈ ಆಟದ ಕಾಳಗದ ಭಾಗ ಚೆನ್ನಾಗಿಲ್ಲ. ಅದನ್ನು ಒಪ್ಪಿಕೊಳ್ಳದೆ ಹೊಗಳುವವರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ‘ಇದು ಆಟವಲ್ಲ, ಬರೀ ಓದು’ ಎಂಬ ಆಕ್ಷೇಪವನ್ನು ನಾನು ಒಪ್ಪಲಾರೆ, ಏಕೆಂದರೆ ಒಮ್ಮೆ ನಾನೇ ಹಾಗೆ ಅಂದುಕೊಂಡು ಈ ಆಟವನ್ನು ಕೈಬಿಟ್ಟಿದ್ದೆ. ಆರಂಭದಲ್ಲಿ ನಾಯಕನ ಆರು ಗುಣಗಳೂ 9ರಲ್ಲಿ ನಿಂತಿರುತ್ತವೆ, ಅವುಗಳ ಮೇಲೆ ಹಂಚಲು ನಮಗೆ 21 ಅಂಕಗಳನ್ನು ಕೊಡುತ್ತಾರೆ. ಬೇರೆ ಆಟಗಳ ಅಭ್ಯಾಸದಿಂದ ನಾನು ಬಹುಪಾಲು ಅಂಕಗಳನ್ನು ದೇಹಬಲಕ್ಕೇ ಸುರಿದೆ. ಆಗ ನನಗೆ ಸಿಕ್ಕಿದ್ದು ಮೊಂಡು ಮಾತುಗಳ ಚಿಕ್ಕ ಪಟ್ಟಿ ಮತ್ತು ಬೇಸರ ಹುಟ್ಟಿಸುವ ಹೊಡೆದಾಟ. ಕೆಲವು ತಿಂಗಳ ನಂತರ ವಿವೇಕ ಮತ್ತು ಬುದ್ಧಿಗಳಿಗೆ ಅಂಕ ಹಾಕಿ ಮತ್ತೆ ಕುಳಿತಾಗ, ಅದೇ ಕೋಣೆಗಳಲ್ಲಿ ಅದೇ ಜನ ನನ್ನೊಡನೆ ಬೇರೆಯೇ ಮಾತುಗಳನ್ನಾಡಿದರು. ಮೊದಲು ಏನೂ ಅನ್ನಿಸದಿದ್ದ ವಸ್ತುಗಳನ್ನು ಕಂಡು ನಾಯಕನಿಗೆ ನೆನಪುಗಳು ಮರುಕಳಿಸಿದವು. ಇಲ್ಲಿ ಗುಣಗಳ ಅಂಕಗಳು ನಮ್ಮ ಕಣ್ಣು ಕಿವಿಗಳಾಗಿ ಕೆಲಸ ಮಾಡುತ್ತವೆ. ಓದುವುದು ಎಷ್ಟರಮಟ್ಟಿಗೆ ಸಾಧ್ಯ ಎಂಬುದನ್ನು ಆಟವೇ ನಿರ್ಧರಿಸುವಾಗ ಓದನ್ನು ಆಟದಿಂದ ಬೇರ್ಪಡಿಸುವುದು ಹೇಗೆ?

ಇದಕ್ಕೆ ಡಾಕ್ಕಾನ್ ಎಂಬ ಪಾತ್ರಕ್ಕಿಂತ ದೊಡ್ಡ ಸಾಕ್ಷಿ ನನಗೆ ಸಿಕ್ಕಿಲ್ಲ. (ಮುಂದಿನ ಮೂರು ಪ್ಯಾರಾಗಳಲ್ಲಿ ಕಥೆಯ ಗುಟ್ಟುಗಳಿವೆ. ಆಡಬೇಕೆಂದಿರುವವರು ಅವನ್ನು ಬಿಟ್ಟು ಮುಂದೆ ಓದಬಹುದು.) ನಾಯಕನ ಜೊತೆಗೂಡುವ ಈ ಯೋಧನ ಬಳಿ ಒಂದರೊಳಗೊಂದು ಕೂಡಿಕೊಂಡ ಉಂಗುರಗಳಿರುವ ಕಲ್ಲಿನ ಬಿಲ್ಲೆಯೊಂದಿದೆ. ಅದು ಅವನ ಜನರ ಧರ್ಮಗ್ರಂಥ. ಅದನ್ನು ತಿರುಗಿಸಿ ಒಂದೊಂದು ಭಾಗವನ್ನು ಬಿಡಿಸಿಕೊಂಡು ಓದಬೇಕು, ಓದಿದ್ದರ ಅರ್ಥವನ್ನು ಡಾಕ್ಕಾನ್‌ಗೆ ಹೇಳಬೇಕು; ಅರ್ಥ ಸರಿಯಾದರೆ ಮಾತ್ರ ಅವನು ಮುಂದಿನದನ್ನು ಕಲಿಸುತ್ತಾನೆ. ಪ್ರತಿ ಪಾಠದಿಂದ ನಾಯಕನಿಗೆ ಅನುಭವದ ಅಂಕಗಳೂ ಮಂತ್ರಗಳೂ ದೊರೆಯುತ್ತವೆ. ಉಳಿದ ಆಟಗಳು ರಾಕ್ಷಸರನ್ನು ಕೊಂದದ್ದಕ್ಕೆ ಕೊಡುವ ಪ್ರತಿಫಲವನ್ನು ಈ ಆಟ ಒಂದು ಕಥೆಯ ಅರ್ಥ ತಿಳಿದುಕೊಂಡದ್ದಕ್ಕೆ ಕೊಡುತ್ತದೆ. ಹೀಗೆ ಕಲಿಯುತ್ತಾ ಹೋದಂತೆ ಡಾಕ್ಕಾನ್ ತಾನೇ ಕಂಡಿರದ ಭಾಗವೊಂದು ಬಿಲ್ಲೆಯಲ್ಲಿ ತೆರೆದುಕೊಳ್ಳುತ್ತದೆ. ಗುರುವಿಗೆ ತನ್ನ ನಂಬಿಕೆಯ ಬಗ್ಗೆಯೇ ಇರುವ ಸಂದೇಹ ಶಿಷ್ಯನ ಅರಿವಿಗೆ ಬರುತ್ತದೆ. ಅವನ ಕೈಯಲ್ಲಿರುವ ಕತ್ತಿ ಮನಸ್ಸಿನ ಸ್ಥಿತಿಗೆ ತಕ್ಕಂತೆ ರೂಪ ಬದಲಿಸುವಂಥದ್ದು. ಮಾತುಕತೆಯಿಂದ ಅವನ ಮನಸ್ಸು ಗಟ್ಟಿಯಾದರೆ ಕತ್ತಿಯೂ ಹರಿತವಾಗುತ್ತದೆ.

ಆಮೇಲೆ ತಿಳಿಯುವ ಸಂಗತಿ ಇನ್ನೂ ಘೋರವಾದದ್ದು. ಆ ಬಿಲ್ಲೆಯನ್ನು ಅವನಿಗೆ ಕೊಟ್ಟಿದ್ದವನು ನಾಯಕನೇ, ಅಂದರೆ ಹಿಂದಿನ ಬದುಕೊಂದರಲ್ಲಿ ಲೆಕ್ಕಾಚಾರವನ್ನು ಬಿಟ್ಟು ಬೇರೇನನ್ನೂ ಅರಿಯದಿದ್ದ ನಾಯಕ. ನಂಬಿಕೆ ಕಳೆದುಕೊಂಡು ಸಾಯುತ್ತಿದ್ದ ಡಾಕ್ಕಾನ್‌ನನ್ನು ಅವನು ಆ ಬೋಧನೆಯ ಮೂಲಕ ಬದುಕಿಸಿ, ಕೃತಜ್ಞತೆಯಿಂದ ಬಂದ ಸೇವೆಯ ವಚನವನ್ನು ಸ್ವೀಕರಿಸಿದ್ದ. ನೀನು ಸಾಯುವವರೆಗೂ ನಿನ್ನ ಸೇವೆ ಮಾಡುತ್ತೇನೆಂದು ಡಾಕ್ಕಾನ್ ಮಾತು ಕೊಟ್ಟಿದ್ದು ಸಾವೇ ಇಲ್ಲದವನಿಗೆ. ಈಗ ಆ ಬಿಲ್ಲೆಯ ಮುಂದೆ ಕೂತು ನಾನು ಇಷ್ಟು ಪ್ರೀತಿಯಿಂದ ಓದಿದ ಪಾಠಗಳೆಲ್ಲ ಒಬ್ಬನನ್ನು ಕಟ್ಟಿಹಾಕಲು ನಾನೇ ಹೂಡಿದ ಉಪಾಯವಾಗಿದ್ದವು ಎಂದು ತಿಳಿದಾಗ ಆದ ನಾಚಿಕೆಯನ್ನು ನಾನು ಮರೆತಿಲ್ಲ. ಆ ತಪ್ಪು ಮಾಡಿದ್ದು ನಾನಲ್ಲ, ಆದರೂ ಅದಕ್ಕೆ ಉತ್ತರ ಹೇಳಬೇಕಾದವನು ನಾನು. ಇಲ್ಲಿ ಎಷ್ಟು ಮುಕ್ತಾಯಗಳಿದ್ದರೇನು, ಎಷ್ಟಿಲ್ಲದಿದ್ದರೇನು?

ಮಾತಿನ ತೂಕ ಬೇರೊಂದು ಬಗೆಯಲ್ಲಿ ಬರುವುದು 1997ರ ‘ಫಾಲ್‌ಔಟ್’ ಆಟದಲ್ಲಿ. ಮನುಷ್ಯರನ್ನೆಲ್ಲ ಬಲಶಾಲಿ ರೂಪಾಂತರಿಗಳನ್ನಾಗಿ ಮಾಡಿದರೆ ಜಗಳಗಳು ನಿಂತು ಲೋಕ ಒಂದಾಗುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿರುವ ‘ಮಾಸ್ಟರ್’ ಅದರ ಖಳನಾಯಕ. ಅವನನ್ನು ಗುಂಡಿಕ್ಕಿ ಸೋಲಿಸಬಹುದು. ಅಥವಾ, ಅವನು ಸೃಷ್ಟಿಸಿದ ಆ ಜೀವಿಗಳಿಗೆ ಮಕ್ಕಳಾಗುವುದಿಲ್ಲ ಎಂಬ ಸತ್ಯವನ್ನು ಬೇರೆಡೆ ಹುಡುಕಿ, ಅದರ ದಾಖಲೆಯನ್ನು ಕೈಯಲ್ಲಿ ಹಿಡಿದು ಹೋದರೆ, ಅವನಿಗೆ ಅದನ್ನು ಮನಗಾಣಿಸಬಹುದು. ತನ್ನ ಕನಸಿಗೆ ಮುಂದಿನ ಪೀಳಿಗೆಯೇ ಇಲ್ಲವೆಂದು ಅರಿತ ಕ್ಷಣ ಅವನು ಕುಸಿದು ತನ್ನ ಅಂತ್ಯವನ್ನು ತಾನೇ ತಂದುಕೊಳ್ಳುತ್ತಾನೆ. ವಾದದಲ್ಲಿ ಗೆಲ್ಲುವುದಕ್ಕೆ ಮಾತಿನ ಚಾತುರ್ಯ ಮಾತ್ರ ಸಾಲದು, ನಿಜ ಏನೆಂದು ತಿಳಿಯಲು ಮೊದಲೇ ಶ್ರಮಪಟ್ಟಿರಬೇಕು ಎಂಬ ಈ ಏರ್ಪಾಟು ನನಗೆ ಇಂದಿಗೂ ಬಹಳ ಘನವಾದದ್ದಾಗಿ ಕಾಣುತ್ತದೆ. ಅದೇ ಆಟದಲ್ಲಿ ಬುದ್ಧಿಯ ಅಂಕವನ್ನು ತೀರಾ ಕಡಿಮೆ ಇಟ್ಟುಕೊಂಡು ಆಡಿದರೆ ನಾಯಕನ ಬಾಯಿಂದ ತೊದಲು ಬಿಟ್ಟು ಬೇರೇನೂ ಹೊರಡುವುದಿಲ್ಲ, ಊರ ಜನ ಅವನನ್ನು ನಡೆಸಿಕೊಳ್ಳುವ ರೀತಿಯೂ ಬದಲಾಗುತ್ತದೆ.

ಇನ್ನೂ ಹಿಂದಕ್ಕೆ ಹೋದರೆ 1985ರಲ್ಲಿ ಬಂದ, ರಿಚರ್ಡ್ ಗ್ಯಾರಿಯಟ್ ಅವರ ‘ಅಲ್ಟಿಮಾ 4’ ಇದೆ. ಅದರಲ್ಲಿ ಕೊನೆಗೆ ಕೊಲ್ಲಬೇಕಾದ ಖಳನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ವಿನಯ ಮುಂತಾದ ಎಂಟು ಗುಣಗಳನ್ನು ಸಾಧಿಸುವುದೇ ಗುರಿ. ಅಲ್ಲಿ ಮಂತ್ರಕ್ಕೆ ಬೇಕಾದ ಗಿಡಮೂಲಿಕೆಗಳನ್ನು ಮಾರುವವಳು ಕುರುಡಿ. ಎಷ್ಟು ನಾಣ್ಯ ಇಡುತ್ತೀರೆಂದು ಅವಳು ನಮ್ಮನ್ನೇ ಕೇಳುತ್ತಾಳೆ. ಕಡಿಮೆ ಇಟ್ಟರೆ ಯಾರೂ ತಡೆಯುವುದಿಲ್ಲ, ಯಾವ ಎಚ್ಚರಿಕೆಯೂ ಬರುವುದಿಲ್ಲ, ಕಾವಲುಗಾರರೂ ಓಡಿಬರುವುದಿಲ್ಲ. ಒಳಗಿನ ಲೆಕ್ಕದಲ್ಲಿ ಮಾತ್ರ ಪ್ರಾಮಾಣಿಕತೆ ಇಳಿದಿರುತ್ತದೆ. ಚಿತ್ರಗಳ ಜಾಗದಲ್ಲಿ ಒರಟು ಚುಕ್ಕಿಗಳಿದ್ದ ಆ ಕಾಲದಲ್ಲಿಯೇ, ಯಾರೂ ನೋಡದಿರುವಾಗ ನೀನು ಹೇಗಿರುತ್ತೀಯೆ ಎಂದು ಕೇಳುವ ಆಟವೊಂದನ್ನು ಕಟ್ಟಿದ್ದರು.

ಹಾಗಾದರೆ ಹಳೆಯದೆಲ್ಲ ಶ್ರೇಷ್ಠ, ಹೊಸದೆಲ್ಲ ಕಳಪೆ ಎಂದು ನಾನು ಹೇಳುತ್ತಿಲ್ಲ. ನಾನು ಬಹಳ ಪ್ರೀತಿಸುವ, 2000ದಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 2’ ಆಟದಲ್ಲಿ ಬಾಲ್ಯದ ಗೆಳತಿ ಇಮೊಯೆನ್ ಕಣ್ಣೆದುರಿಗೇ ಸೆರೆಯಾಗುತ್ತಾಳೆ. ಅವಳನ್ನು ಹುಡುಕಲು 20,000 ಚಿನ್ನದ ನಾಣ್ಯ ಬೇಕೆಂದು ಹೇಳಿ ಆಟ ನಮ್ಮನ್ನು ಬೀದಿಗೆ ಬಿಡುತ್ತದೆ. ಆ ಹಣಕ್ಕಾಗಿ ಒಪ್ಪಿಕೊಳ್ಳುವ ಕೆಲಸಗಳು ಒಂದಕ್ಕಿಂತ ಒಂದು ಸೊಗಸಾಗಿವೆ, ಆದರೆ ಅವುಗಳಲ್ಲಿ ಮುಳುಗಿ ವಾರಗಟ್ಟಲೆ ಅಲೆದರೂ ಗೆಳತಿಯ ಗತಿಯಲ್ಲಿ ಬದಲಾವಣೆ ಇರುವುದಿಲ್ಲ. ನನ್ನ ಆತುರವನ್ನು ಆಟ ನಂಬುವುದಿಲ್ಲ ಎಂದು ಆಗೆಲ್ಲ ಅನ್ನಿಸುತ್ತದೆ. ನೀರಿನ ಯಂತ್ರದ ಬಿಡಿಭಾಗವನ್ನು 150 ದಿನಗಳೊಳಗೆ ತರದಿದ್ದರೆ ನಾಯಕನ ಜನರೆಲ್ಲ ಸಾಯುತ್ತಾರೆಂದು ಹೇಳಿ, ಆ ದಿನಗಳನ್ನು ನಿಜವಾಗಿಯೂ ಎಣಿಸಿದ ‘ಫಾಲ್‌ಔಟ್’ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿದೆ. ಆ ಗಡುವಿನ ಬಗ್ಗೆ ಅನೇಕ ಆಟಗಾರರು ಗೊಣಗುತ್ತಾರೆ. ನನಗೆ ಅದು ಬೇಕು.

ಹೊಸ ಆಟಗಳಲ್ಲಿ 2019ರ ‘ಡಿಸ್ಕೋ ಎಲಿಸಿಯಮ್’ ಈ ಪರಂಪರೆಯನ್ನು ಮುಂದಕ್ಕೆ ಒಯ್ದಿದೆ ಎಂದು ನಾನು ಸಂತೋಷದಿಂದ ಹೇಳುತ್ತೇನೆ. ಕಾಳಗದ ವ್ಯವಸ್ಥೆಯನ್ನೇ ತೆಗೆದುಹಾಕಿ, ನಾಯಕನ 24 ಕೌಶಲಗಳನ್ನು ಅವನ ತಲೆಯೊಳಗೆ ಮಾತಾಡುವ 24 ದನಿಗಳನ್ನಾಗಿ ಮಾಡಿದ ಆಟವದು. ಅಲ್ಲಿ ಸೋತ ಪ್ರಯತ್ನಗಳಿಂದಲೂ ಕಥೆ ಹುಟ್ಟುತ್ತದೆ. 2023ರ ‘ಬಾಲ್ಡರ್ಸ್ ಗೇಟ್ 3’ ಕೂಡ ಸೋಲಿಗೆ ಬೇಕಾದಷ್ಟು ದಾರಿಗಳನ್ನು ಬರೆದಿಟ್ಟಿದೆ. ಆದರೆ ದಾಳ ಪರದೆಯ ಮೇಲೆ ಉರುಳಿ ಕಡಿಮೆ ಅಂಕ ಬಿದ್ದ ಕೂಡಲೇ ಹಿಂದಿನ ಸೇವ್‌ಗೆ, ಅಂದರೆ ಆಟವನ್ನು ಉಳಿಸಿಟ್ಟಿದ್ದ ಹಂತಕ್ಕೆ, ಮರಳುವವರನ್ನು ನಾನು ಎಷ್ಟೋ ಕಂಡಿದ್ದೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆ. ಆಡಿದ ಮಾತನ್ನು ನುಂಗಿಕೊಂಡು ಮತ್ತೆ ಹೊಸದಾಗಿ ಆಡಲು ಸಾಧ್ಯವಾದರೆ, ಬರೆದವರು ವರ್ಷಗಟ್ಟಲೆ ಕೂತು ಆ ಮಾತಿಗೆ ತುಂಬಿದ ತೂಕವನ್ನು ನಮ್ಮ ಕೈಯಾರೆ ಇಳಿಸಿದಂತಾಗುತ್ತದೆ. ಯಾವ ಸಾಲನ್ನು ಆರಿಸಿದರೆ ಯಾವ ಬಹುಮಾನ ಸಿಗುತ್ತದೆಂದು ಮಾರ್ಗದರ್ಶಿ ನೋಡಿಕೊಂಡು ಆಡುವುದೂ ಅಷ್ಟೇ. ಅವರವರ ಆಟ ಅವರವರದು, ನಿಜ. ಆದರೂ ಮೊದಲ ಸಲವೇ ಹಾಗೆ ಆಡಿ, ‘ಇದರಲ್ಲಿ ಅಂಥದ್ದೇನಿದೆ’ ಎಂದು ಕೇಳುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

‘ಟಾರ್ಮೆಂಟ್’ 2017ರಲ್ಲಿ ಈಗಿನ ಕಂಪ್ಯೂಟರ್‌ಗಳಿಗೆ ಹೊಂದುವಂತೆ ಪರಿಷ್ಕರಣೆಗೊಂಡು ಮತ್ತೆ ಬಂದಿದೆ, ಆದ್ದರಿಂದ ಹಳೆಯ ಸಿಡಿ ಹುಡುಕುವ ಕಷ್ಟ ಯಾರಿಗೂ ಇಲ್ಲ. ಆಡಬೇಕೆಂದಿರುವವರು ಅಂಕಗಳನ್ನು ಮೊದಲು ವಿವೇಕಕ್ಕೆ, ಆಮೇಲೆ ಬುದ್ಧಿಗೆ ಹಾಕಿ. ಸತ್ತರೆ ಹಿಂದಿನ ಸೇವ್‌ಗೆ ಹೋಗದೆ ಎದ್ದು ನಡೆಯಿರಿ. ಆರಂಭದ ಬೀದಿಗಳಲ್ಲಿರುವ ಮದ್ಯದಂಗಡಿಯಲ್ಲಿ ಡಾಕ್ಕಾನ್ ನಿಮಗೆ ಸಿಗುತ್ತಾನೆ. ಅವನನ್ನು ಜೊತೆಗೆ ಕರೆದುಕೊಂಡ ಮೇಲೆ ಬಿಡುವಾದಾಗ ಅವನ ಬಿಲ್ಲೆಯ ಬಗ್ಗೆ ಕೇಳಿ, ಮತ್ತು ಮೊದಲ ಪಾಠ ಮುಗಿದಾಗ ಅಲ್ಲಿಗೇ ನಿಲ್ಲಿಸಬೇಡಿ.