ತಿಂಗಳ ಬಾಡಿಗೆಗೊಂದು ಮನೆ

ಶಾಸಕರು ಮತ್ತೆ ಬಡವರ ಸೂರಿನ ಬಗ್ಗೆ ಮಾತಾಡಿದ್ದಾರೆ. ವಿಧವೆಯರು, ಅಂಗವಿಕಲರು, ಕೂಲಿಯವರು ಬಾಡಿಗೆ ಕಟ್ಟಲಾಗದೆ ಒದ್ದಾಡುವುದನ್ನು ನೆನೆದು ವೇದಿಕೆ ಮೇಲೆ ಕಣ್ಣೀರು ಬಂತು. ಆಗಷ್ಟೇ ಹೊದಿಸಿದ್ದ ಶಾಲು ಒರೆಸಿಕೊಳ್ಳೋದಕ್ಕೆ ಉಪಯೋಗಕ್ಕೆ ಬಂತು.

ಅವರ ಕಾಳಜಿಯ ಬಗ್ಗೆ ನನಗೆ ಅನುಮಾನ ಇಲ್ಲ. ಬಾಡಿಗೆಯ ಕಷ್ಟ ಅವರಿಗೆ ಗೊತ್ತಿರುವಷ್ಟು ಯಾರಿಗೆ ಗೊತ್ತು? 2025ರ ಮಾರ್ಚ್ ನೆನಪಿದೆಯಲ್ಲ. ಸದನದಲ್ಲಿ ಕಿರುಚಾಟ, ಹರಿದ ಪೇಪರುಗಳ ಮಳೆ. ಆ ಗಲಾಟೆಯಲ್ಲೇ ಸಂಬಳದ ಮಸೂದೆ ಚರ್ಚೆ ಇಲ್ಲದೆ ಪಾಸಾಯಿತು. ಶಾಸಕರ ಸಂಬಳ 40 ಸಾವಿರ ಇದ್ದದ್ದು 80 ಸಾವಿರ. ಮಂತ್ರಿಗಳ ಮನೆ ಬಾಡಿಗೆ ಭತ್ಯೆ ತಿಂಗಳಿಗೆ 1.20 ಲಕ್ಷ ಇದ್ದದ್ದು 2.50 ಲಕ್ಷ. ಪಾಪ, ಅಲ್ಲಿವರೆಗೆ ಹೇಗೆ ಸಂಭಾಳಿಸಿದರೋ.

ಈ 1.20 ಲಕ್ಷ ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ತಲೆ ಕೆರೆದುಕೊಂಡೆ. ಹೌದು, ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ, ಗುಡ್ಡಗಾಡು ಬಿಟ್ಟು ಉಳಿದ ಹಳ್ಳಿಗಳ ಬಡವರಿಗೆ ಸಿಗುವ ಸಹಾಯಧನ ಅಷ್ಟೇ. ತಿಂಗಳಿಗಲ್ಲ, ಇಡೀ ಮನೆಗೆ. ಅಡುಗೆಮನೆ ಸೇರಿ ಕನಿಷ್ಠ 25 ಚದರ ಮೀಟರ್. ಒಂದು ಲೆಕ್ಕ ರಾಜ್ಯದ್ದು, ಇನ್ನೊಂದು ಕೇಂದ್ರದ್ದು. ಸರ್ಕಾರ ಬೇರೆ, ಅಂಕಿ ಮಾತ್ರ ಒಂದೇ.

ನಮ್ಮ ಬೀದಿಗೆ ಸೊಪ್ಪು ತರುವ ಅಜ್ಜಿಗೂ ಮನೆ ಬಂದಿದೆ. ಬಂದಿದೆ ಅಂದರೆ ಲಿಸ್ಟಿನಲ್ಲಿ ಹೆಸರು ಬಂದಿದೆ. ಅವತ್ತಿನಿಂದ ಅಜ್ಜಿ 'ಫಲಾನುಭವಿ'. ಈ ಪದ ಹುಟ್ಟಿಸಿದವರನ್ನು ಕರೆದು ಸನ್ಮಾನ ಮಾಡಬೇಕು. ಕಳ್ಳನನ್ನು ಕೂಡ ಕೇಸು ಮುಗಿಯುವ ತನಕ ಆರೋಪಿ ಅಂತಾರೆ, ಅಪರಾಧಿ ಅನ್ನಲ್ಲ. ಅಜ್ಜಿ ಮಾತ್ರ ಫಲದ ಮುಖ ನೋಡುವ ಮೊದಲೇ ಫಲಾನುಭವಿ.

ಪಾಯ ಹಾಕಿದರೆ ಜಾಗದ ಗುರುತು ಬೀಳುವ ಜಿಪಿಎಸ್ ಫೋಟೊ ಒಂದು, ಗೋಡೆ ಎದ್ದರೆ ಇನ್ನೊಂದು. ಕಂತಿನ ಬಿಲ್ ಆಮೇಲೆ. ಪ್ರತಿ ಸಲವೂ ಫಲಾನುಭವಿ ಮುಂದೆ ನಿಲ್ಲಬೇಕು. "ಜಿಪಿಎಸ್ ಆಗೈತೆ, ಬಿಲ್ ಆಗಿಲ್ಲ ಕಣಪ್ಪ," ಅಂತಾಳೆ ಅಜ್ಜಿ. ಸಹಿ ಹಾಕೋಕೆ ಬಾರದವಳ ಬಾಯಲ್ಲಿ ಉಪಗ್ರಹದ ಮಾತು! ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರಿಗೆ ಜಿಪಿಎಸ್ ಮಾಡಿಸಿ ನೋಡು ಅನ್ನುವುದು ಹೊಳೆದಿರಲಿಲ್ಲ.

ಕೇಂದ್ರದವರು ಎಲ್ಲರಿಗೂ 2022ಕ್ಕೆ ಸೂರು ಅಂದಿದ್ದರು. ಈಗ 2029 ಅಂತಿದ್ದಾರೆ. ಇರಲಿ.

ಆದರೆ ಒಂದು ಮಾತು ಕೇಳಲೇಬೇಕು. ಪಟ್ಟಣಗಳ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಯಾರಿಗೆ ಮನೆ ಅಂತ ಪಟ್ಟಿ ಆಗುವುದು ಅಲ್ಲಿ. ಬಜೆಟ್ಟಿಗೆ ಕೈ ಎತ್ತುವವರೂ ಇವರೇ. ಹಾಗಿದ್ದರೆ ಮೈಕ್ ಹಿಡಿದು "ಬಡವರಿಗೆ ಮನೆ ಕೊಡಿ" ಅಂತ ಒತ್ತಾಯ ಮಾಡ್ತಿರೋದು ಯಾರನ್ನ? ಕೆಳಗೆ ಕೂತಿದ್ದವರು ಮನೆ ಇಲ್ಲದ ಜನ. ಅವರೇನು ಕೊಡ್ತಾರೆ? ನಿಮ್ಮ ಸಂಬಳಕ್ಕೆ, ಮಂತ್ರಿಗಳ ಬಾಡಿಗೆ ಭತ್ಯೆಗೆ ಒಂದು ಗಲಾಟೆ ಸಾಕಾಯಿತು. ಈ ಜನ ಪಂಚಾಯಿತಿ ಮೆಟ್ಟಿಲು ಹತ್ತಿ ಹತ್ತಿ ಚಪ್ಪಲಿ ಸವೆಸಿದ್ದಾರೆ. ನಾಚಿಕೆ ಆಗಲ್ವಾ ಅಂತ ಕೇಳೋಕೂ ಈಗ ಸುಸ್ತು.

ಅಜ್ಜಿಯ ಗೋಡೆ ಲಿಂಟಲ್ ಮಟ್ಟಕ್ಕೆ ನಿಂತಿದೆ. ಮೇಲೆ ಛಾವಣಿಗೆ ಅಂತ ಶಾಸಕರ ಹುಟ್ಟುಹಬ್ಬದ ಫ್ಲೆಕ್ಸ್ ಬಿಗಿದಿದ್ದಾಳೆ, ಮುಖ ಒಳಗಡೆಗೆ. ಮಲಗಿದರೆ ಮೇಲಿಂದ ಕೈ ಮುಗಿದುಕೊಂಡು ನಗ್ತಾ ಇರ್ತಾರಂತೆ. ಗಟ್ಟಿ ಫ್ಲೆಕ್ಸು. ಒಂದೇ ಕಡೆ ತೂತಾಗಿದೆ, ಬಲಗಣ್ಣಿನ ಹತ್ತಿರ. ಮಳೆ ಬಂದಾಗ ಅಲ್ಲಿಗೆ ಒಂದು ಪಾತ್ರೆ ಇಡ್ತಾಳೆ.