ಜೇಬುಗಳ್ಳನ ಎಂಬತ್ತು ವರ್ಷ

ಹಾಲಿವುಡ್‌ನ ಹಳೇ ಸಿನಿಮಾ 'ಕಾಸಾಬ್ಲಾಂಕಾ' ನೋಡಿದವರಿಗೆ ಆ ಜೇಬುಗಳ್ಳ ನೆನಪಿರಬಹುದು. ಹೊರಗಿನಿಂದ ಬಂದ ದಂಪತಿಗೆ ಅಂಟಿಕೊಂಡು, ಊರ ತುಂಬಾ ರಣಹದ್ದುಗಳಿವೆ, ಹುಷಾರು ಅಂತ ಎಚ್ಚರಿಸುತ್ತಲೇ ಪರ್ಸ್ ಎಗರಿಸುತ್ತಾನಲ್ಲ, ಅವನು. ಆಮೇಲೊಮ್ಮೆ ನಾಯಕ ರಿಕ್‌ನ ಕೆಫೆಯಲ್ಲಿ ವೇಟರ್ ಕಾರ್ಲ್‌ಗೆ ಡಿಕ್ಕಿ ಹೊಡೆದು ಕ್ಷಮೆ ಕೇಳಿ ಹೋಗುತ್ತಾನೆ. ಕಾರ್ಲ್ ತಕ್ಷಣ ಜೇಬು ಜೇಬು ತಡವಿಕೊಳ್ಳುತ್ತಾನೆ! ನಾನು ಆ ಸಿನಿಮಾ ಎಷ್ಟು ಸಲ ನೋಡಿದರೂ ಅಲ್ಲಿ ನಗು ತಡೆಯೋಕಾಗಲ್ಲ.

ಆ ಪಾತ್ರ ಮಾಡಿದ ನಟನಿಗೆ ಕುರ್ಟ್ ಬೋಯ್ಸ್ ಅಂತ ಹೆಸರು. 1901ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವನು. ಏಳೆಂಟು ವರ್ಷಕ್ಕೇ ಮೂಕಿ ಚಿತ್ರದ ಕ್ಯಾಮೆರಾ ಮುಂದೆ ನಿಂತಿದ್ದ. 1927ರಲ್ಲಿ 'ಡೆರ್ ಫ್ಯೂರ್ಸ್ಟ್ ಫಾನ್ ಪಾಪೆನ್‌ಹೈಮ್'ನಲ್ಲಿ ಹೆಣ್ಣುವೇಷ ಹಾಕಿ ಜನರನ್ನು ನಗಿಸಿದ. ಯೆಹೂದಿ ಬೇರೆ. ಹಿಟ್ಲರ್ ಬಂದ ಮೇಲೆ ಊರು ಬಿಟ್ಟು ಅಮೆರಿಕ ಸೇರಿದ. ಹಾಲಿವುಡ್‌ನಲ್ಲಿ ಸಿಕ್ಕಿದ್ದು ಇಂಥ ಚಿಲ್ಲರೆ ಪಾತ್ರಗಳೇ.

ನನಗೆ ಹೊಟ್ಟೆ ಉರಿಯೋದು ಇಲ್ಲಿ. 1940ರಲ್ಲಿ ನಾಜಿಗಳು 'ಡೆರ್ ಎವಿಗೆ ಯೂಡೆ' ಎಂಬ ದ್ವೇಷದ ಚಿತ್ರ ಮಾಡಿದಾಗ, ಅದೇ ಹೆಣ್ಣುವೇಷದ ತುಣುಕನ್ನು ಕತ್ತರಿಸಿ ಸೇರಿಸಿಕೊಂಡರು, ನೋಡಿ ಯೆಹೂದಿಗಳು ಎಂಥವರು ಅಂತ ತೋರಿಸೋಕೆ! ನಗಿಸಿದ್ದಕ್ಕೆ ಸಿಕ್ಕ ಸಂಭಾವನೆ ಇದು. ಎರಡು ವರ್ಷದ ನಂತರ ಅವನು ಹಾಲಿವುಡ್‌ನಲ್ಲಿ ಜೇಬು ಕತ್ತರಿಸುವ ಪಾತ್ರದಲ್ಲಿದ್ದ. ಪೋಷಕ ನಟ ಅಂತೀವಿ. ಇವನನ್ನು ಯಾರು ಪೋಷಿಸಿದರು?

1950ರಲ್ಲಿ ಜರ್ಮನಿಗೆ ವಾಪಸ್ ಬಂದ. ನಾಟಕಕಾರ ಬ್ರೆಕ್ಟ್‌ನ ತಂಡ ಬರ್ಲಿನರ್ ಆನ್ಸಾಂಬಲ್‌ನಲ್ಲಿ, ಅವನದೇ ನಾಟಕದ ಜಮೀನ್ದಾರ ಪುಂಟಿಲ ಆದ: ಕುಡಿದಾಗ ದೇವರಂಥ ಮನುಷ್ಯ, ನಶೆ ಇಳಿದಾಗ ರಾಕ್ಷಸ. ಮುಂದೆ ನಟರಾದ ಬ್ರೂನೋ ಗಾಂಜ್, ಓಟೋ ಸಾಂಡರ್ ಸೇರಿ ಇವನ ಮೇಲೂ ಇನ್ನೊಬ್ಬ ಹಿರಿಯ ನಟನ ಮೇಲೂ ಸಾಕ್ಷ್ಯಚಿತ್ರ ಮಾಡಿದರು.

ಅದೇ ಇಬ್ಬರು ದೇವದೂತರಾಗಿ ಬರುವ ನಿರ್ದೇಶಕ ವಿಮ್ ವೆಂಡರ್ಸ್‌ನ 1987ರ ಚಿತ್ರ 'ವಿಂಗ್ಸ್ ಆಫ್ ಡಿಸೈರ್'ನಲ್ಲಿ ಈ ಅಜ್ಜ ಬರ್ಲಿನ್ ಗೋಡೆಯ ಪಕ್ಕದ ಪಾಳು ಜಾಗದಲ್ಲಿ ಹುಲ್ಲು ತುಳಿಯುತ್ತಾ ಪೊಟ್ಸ್‌ಡಾಮರ್ ಪ್ಲಾಟ್ಸ್ ಎಂಬ ಹಳೇ ಚೌಕ ಹುಡುಕುತ್ತಾನೆ. ಇಲ್ಲಿರಲಿಕ್ಕಿಲ್ಲ, ಆ ಚೌಕದಲ್ಲೇ ಕೆಫೆ ಜೋಸ್ಟಿ ಇತ್ತಲ್ಲ, ಮಧ್ಯಾಹ್ನ ಕಾಫಿ ಕುಡೀತಾ ಜನರನ್ನು ನೋಡ್ತಾ ಕೂರ್ತಿದ್ದೆನಲ್ಲ ಅಂತ ಗೊಣಗುತ್ತಾನೆ. ಕೊನೆಗೆ ಯಾರೋ ಬಿಸಾಡಿದ ಕುರ್ಚಿಯಲ್ಲಿ ಕೂರುತ್ತಾನೆ. ಅದು ನಟನೆ ಅಂತ ನನಗೆ ಅನ್ನಿಸೋದೇ ಇಲ್ಲ.

ಈ ಪಾತ್ರಕ್ಕೆ 1988ರ ಮೊದಲ ಯುರೋಪಿಯನ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಪೋಷಕ ನಟ ಪ್ರಶಸ್ತಿ ಬಂತು, ಆಗ ಅವನಿಗೆ 87. ಮರುವರ್ಷ ಆ ಗೋಡೆ ಬಿತ್ತು. ಬೋಯ್ಸ್ ತೀರಿಕೊಂಡಿದ್ದು 1991ರ ಕ್ರಿಸ್‌ಮಸ್ ದಿನ, ಬರ್ಲಿನ್‌ನಲ್ಲೇ.