ಯಾವುದು ಕಡಿಮೆಯೋ ಅದು

ಆರತಕ್ಷತೆಗೆ ಮದುಮಕ್ಕಳು ಹಾಜರಿರಲೇಬೇಕು ಅನ್ನುವ ಮೂಢನಂಬಿಕೆಯಿಂದ ನಾಡನ್ನು ಬಿಡಿಸಿದ ಕೀರ್ತಿ ನಮ್ಮ ಹುಬ್ಬಳ್ಳಿಗೆ ಸಲ್ಲಬೇಕು. 2025ರ ಡಿಸೆಂಬರ್ ಮೊದಲ ವಾರದ ಆ ಸುದ್ದಿ ಯಾರೂ ಮರೆತಿರಲಿಕ್ಕಿಲ್ಲ. ಹುಡುಗ, ಹುಡುಗಿ ಭುವನೇಶ್ವರದಲ್ಲಿ. ಛತ್ರ, ಬೀಗರು, ಊಟದ ಪಂಕ್ತಿ ಎಲ್ಲ ಇಲ್ಲಿ. ಕರೆತರಬೇಕಿದ್ದ ಇಂಡಿಗೊ ವಿಮಾನ ಇವತ್ತು, ಆಮೇಲೆ, ಇನ್ನೊಂದು ತಾಸು ಅನ್ನುತ್ತಾ ಕಡೆಗೆ ರದ್ದಾಯಿತು. ಹುಡುಗಿಯ ತಂದೆ, ತಾಯಿ ಹೋಗಿ ಮದುಮಕ್ಕಳ ಕುರ್ಚಿಯಲ್ಲಿ ಕೂತರು, ಮದುಮಕ್ಕಳು ಶೃಂಗಾರ ಮಾಡಿಕೊಂಡು ಪರದೆ ಮೇಲೆ ಬಂದರು.

ದೇಶವೆಲ್ಲ ನಕ್ಕಿತು. ನನಗೆ ಮಾತ್ರ ಆಹೇರಿ ಲಕೋಟೆಯದೇ ಚಿಂತೆ. ಅದನ್ನು ಪರದೆಗೆ ಅಂಟಿಸಬೇಕೋ, ಫೋನ್‌ಪೇ ಮಾಡಬೇಕೋ? ಫೋಟೊಕ್ಕೆ ಯಾರ ಪಕ್ಕ ನಿಲ್ಲಬೇಕು? ನಮ್ಮ ಕಡೆ ಫೋಟೊದಾಗ ಬರಲಿಲ್ಲ ಅಂದ್ರ ಮದುವಿಗೆ ಬಂದಂಗ ಅಲ್ಲ. ಉಂಡು ಹೋದರೂ ಲೆಕ್ಕಕ್ಕಿಲ್ಲ. ನಾಳೆ ಬೀಗರು ಜಗಳ ತೆಗೆದರೆ ಸಾಕ್ಷಿ ಬೇಕಲ್ಲ.

ಇಷ್ಟಕ್ಕೂ ವಿಮಾನ ಯಾಕೆ ಬರಲಿಲ್ಲ? ಪೈಲಟ್‌ಗಳಿಗೆ ನಿದ್ದೆ ಬೇಕಂತೆ. ಎಂಥಾ ದುರಾಸೆ ನೋಡಿ! ವಾರಕ್ಕೆ 36 ಗಂಟೆ ಇದ್ದ ವಿಶ್ರಾಂತಿ 48 ಆಗಬೇಕು, ಆರರವರೆಗೆ ಇದ್ದ ರಾತ್ರಿ ಲ್ಯಾಂಡಿಂಗ್ ಎರಡಕ್ಕೆ ಇಳಿಯಬೇಕು ಎಂದು ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ನಿಯಮ ಹೊರಡಿಸಿದ್ದು 2024ರ ಜನವರಿಯಲ್ಲಿ. ಕೊನೆಯ ಕಂತು ಜಾರಿಯಾದದ್ದು 2025ರ ನವೆಂಬರ್ 1ರಂದು. ನಡುವೆ ಹೆಚ್ಚೂಕಡಿಮೆ ಎರಡು ವರ್ಷ. ನಮ್ಮ ಚನ್ನಮ್ಮ ವೃತ್ತದ ಮೇಲ್ಸೇತುವೆಯ ಲೆಕ್ಕದಲ್ಲಿ ಎರಡು ವರ್ಷ ಅಂದರೆ ಒಂದು ಆಕಳಿಕೆ, ಒಪ್ಪಿದೆ. ಆದರೆ ನಿಮಿಷ ನಿಮಿಷಕ್ಕೂ ಟಿಕೆಟ್ ದರ ಬದಲಿಸಬಲ್ಲ ಬುದ್ಧಿವಂತರಿಗೆ, ಪೈಲಟ್‌ಗಳು ಹೆಚ್ಚು ಮಲಗಿದರೆ ಹೆಚ್ಚು ಪೈಲಟ್‌ಗಳು ಬೇಕಾಗುತ್ತಾರೆ ಅನ್ನುವುದು ಅಷ್ಟು ದಿನದಲ್ಲೂ ಹೊಳೆಯಲಿಲ್ಲ.

ಹುಬ್ಬಳ್ಳಿಯವರು ಇನ್ನೊಬ್ಬರನ್ನು ನಂಬಿ ಕೂರುವುದೇ ತಪ್ಪು. ನಮ್ಮ ರೈಲು ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ, ಜಗತ್ತಿಗೇ ಉದ್ದದ್ದು, ಗಿನ್ನಿಸ್ ದಾಖಲೆ ಬೇರೆ. 2023ರ ಮಾರ್ಚ್‌ನಲ್ಲಿ ಪ್ರಧಾನಿಯೇ ಉದ್ಘಾಟಿಸಿದ್ದಾರೆ. ಬೆಂಗಳೂರಿನಿಂದ ನಮ್ಮಲ್ಲಿಗೆ ಬರುವ ಎಟಿಆರ್ ವಿಮಾನಕ್ಕೆ ಮೇಲೇರಲು ಸುಮಾರು 1,300 ಮೀಟರ್ ಸಾಕಂತೆ. ಚಾವಣಿ ಕಿತ್ತು, ಚಹಾದ ಅಂಗಡಿ ಸರಿಸಿ, ಕೂಲಿಗಳಿಗೆ ಸೀಟಿ ಕೊಟ್ಟರೆ ಮುಗಿಯಿತು. ರೈಲು ತಡವಾದವರು ಅಲ್ಲೇ ವಿಮಾನ ಹತ್ತಬಹುದು, ವಿಮಾನ ರದ್ದಾದವರು ಅಲ್ಲೇ ರೈಲು. ಬೆಳಗಾವಿಯವರಿಗೆ ಇದನ್ನು ಯಾರೂ ಹೇಳಬೇಡಿ. ಇಲ್ಲಿಗೊಂದು ವಿಮಾನ ಬಂದರೆ ಅಲ್ಲಿ ಪತ್ರಿಕಾಗೋಷ್ಠಿ ಆಗುತ್ತದೆ, ಅಲ್ಲಿಗೊಂದು ಬಂದರೆ ಇಲ್ಲಿ. ಇಬ್ಬರೂ ಕಿತ್ತಾಡುವಷ್ಟರಲ್ಲಿ ಎರಡೂ ವಿಮಾನ ಲಾಭ ಹುಡುಕಿಕೊಂಡು ಇನ್ನೆಲ್ಲೋ ಹೋಗಿರುತ್ತವೆ.

ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತಬೇಕು ಎಂದು 2017ರಲ್ಲಿ ಸಣ್ಣ ಊರುಗಳಿಗೆ ಅಗ್ಗದ ವಿಮಾನದ ಉಡಾನ್ ಯೋಜನೆ ಶುರುವಾಯಿತಲ್ಲ, ಅದರ ಕಥೆಯೂ ಇದೇ. ಕೊಟ್ಟ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ, ಮೂರು ವರ್ಷದ ರಿಯಾಯಿತಿ ಅವಧಿ ಮುಗಿದ ಮೇಲೂ ಉಳಿದದ್ದು 54 ಎಂದು ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿಯ 2023ರ ವರದಿ ಹೇಳಿತು. ಚಪ್ಪಲಿ ಸವೆಯುವ ಮೊದಲೇ ವಿಮಾನ ಸವೆಯಿತು. ಇದರ ಮೇಲೆ ಹೆಚ್ಚು ಬರೆಯಲು ಬೇಜಾರು.

ಗೋಕುಲ ರೋಡಿನಲ್ಲಿ ವಿಮಾನ ನಿಲ್ದಾಣವೂ ಇದೆ, ಬಸ್ ನಿಲ್ದಾಣವೂ ಇದೆ. ಊರು ಕಟ್ಟಿದವರ ದೂರದೃಷ್ಟಿ ದೊಡ್ಡದು. ವಿಮಾನ ರದ್ದಾದ ದಿನ ಕೌಂಟರಿನಲ್ಲಿ ನಿಲ್ಲುವುದು ಯಾವ ಕಂಪನಿಯಲ್ಲೂ ಮಾಲೀಕನಲ್ಲ, ಕೆಲಸಕ್ಕೆ ಸೇರಿ ವರ್ಷ ತುಂಬದ ಒಂದು ಹುಡುಗಿ. ಎದುರಿಗೆ ಪೇಢೆಯ ಡಬ್ಬಿಗಳಿಗೆ ಸುತ್ತಿದ ಹಗ್ಗವನ್ನು ಬೆರಳಿಗೆ ಸಿಕ್ಕಿಸಿಕೊಂಡ ಹಿರಿಯರು. “ಆಪರೇಷನಲ್ ರೀಸನ್ಸ್ ಸರ್” ಅನ್ನುತ್ತಾಳೆ ಆಕೆ.

“ಹಂಗಂದ್ರ ಏನವಾ?”

“ಗೊತ್ತಿಲ್ರಿ ಅಜ್ಜಾರ. ಸಿಸ್ಟಮ್‌ನಾಗ ಹಂಗ ಬರಾಕತ್ತೈತಿ.”

ಇಡೀ ವಿಮಾನಯಾನ ವ್ಯವಸ್ಥೆಯಲ್ಲಿ ಇಷ್ಟು ಪ್ರಾಮಾಣಿಕ ಹೇಳಿಕೆ ನಾನು ಇನ್ನೊಂದು ಓದಿಲ್ಲ. ಬೈಗುಳವೆಲ್ಲ ಅವಳಿಗೇ.

ಪರಿಹಾರ ಇಲ್ಲ ಅಂತೇನಿಲ್ಲ. ಒಂದು ಗಂಟೆವರೆಗಿನ ಹಾರಾಟ ಹೇಳದೆ ಕೇಳದೆ ರದ್ದಾದರೆ 5,000 ರೂಪಾಯಿ, ಇಲ್ಲವೇ ಟಿಕೆಟ್ಟಿನ ಮೂಲದರ ಮತ್ತು ಇಂಧನ ಶುಲ್ಕ. ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಎರಡು ಗಂಟೆವರೆಗಿನದಕ್ಕೆ 7,500, ಅಲ್ಲೂ ಯಾವುದು ಕಡಿಮೆಯೋ ಅದು. ಕಂಪನಿಯ ಕೈಮೀರಿದ ಕಾರಣವಾದರೆ ಅದೂ ಇಲ್ಲ. ಟಿಕೆಟ್ ಮಾರುವಾಗ ಈ ‘ಯಾವುದು ಕಡಿಮೆಯೋ’ ಎಲ್ಲಿ ಅಡಗಿರುತ್ತದೋ! ಆ ಡಿಸೆಂಬರಿನಲ್ಲಿ ದರ ಮುಗಿಲು ಮುಟ್ಟಿದ ಮೇಲೆ ಸರ್ಕಾರ ಎಚ್ಚೆತ್ತು, 500 ಕಿಲೋಮೀಟರ್ ಒಳಗಿನ ಪ್ರಯಾಣಕ್ಕೆ 7,500 ರೂಪಾಯಿಗಿಂತ ಹೆಚ್ಚು ಕೇಳಬಾರದು ಎಂದಿತು. ತೆರಿಗೆ, ನಿಲ್ದಾಣ ಶುಲ್ಕ ಬೇರೆ. ಬೆಂಗಳೂರು–ಹುಬ್ಬಳ್ಳಿ ಇದರೊಳಗೇ ಬರುತ್ತದೆ. ಆ ದುಡ್ಡಿಗೆ ಹಬ್ಬದ ದಿನ ಬಿಟ್ಟು ಸ್ಲೀಪರ್ ಬಸ್ಸಿನಲ್ಲಿ ಐದು ಸಲ ಮಲಗಿಕೊಂಡು ಹೋಗಬಹುದು.

ಇನ್ನು ಶಿಕ್ಷೆ. ಇಂಡಿಗೊ ಮುಖ್ಯಸ್ಥರು ವಿಮಾನಯಾನ ಸಚಿವರ ಮುಂದೆ ಕೈಮುಗಿದ ಫೋಟೊ ನೋಡಿದಿರಲ್ಲ? ಸಚಿವರು ಖಡಕ್ಕಾಗಿ ಹೇಳಿದರು: ನಿಮ್ಮ ಹಾರಾಟಗಳಲ್ಲಿ ಶೇ 10ರಷ್ಟು ಕಡಿತ ಮಾಡಿ. ಉಣಬಡಿಸದ ಖಾನಾವಳಿಯವನಿಗೆ ನಾಳೆಯಿಂದ ಹತ್ತು ರೊಟ್ಟಿ ಕಡಿಮೆ ಬಡಿ ಅಂದಂಗ ಆತು. ಅವನೇನೂ ಹಸಿದು ಮಲಗುವುದಿಲ್ಲ.

ನಗುವುದು ಇಲ್ಲಿಗೆ ಸಾಕು. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನ ರದ್ದಾದಾಗ ಸರ್ಕಾರ ಮೊದಲು ಮಾಡಿದ್ದು ರಾತ್ರಿ ಪಾಳಿಯ ನಿಯಮವನ್ನು 2026ರ ಫೆಬ್ರವರಿ 10ರವರೆಗೆ ಆ ಕಂಪನಿಗೆ ಮಾಫಿ ಮಾಡಿದ್ದು. ನಿಯಮ ಮಾಡಿದ್ದು ಕಂಪನಿಯನ್ನು ಗೋಳುಹೊಯ್ಯಲಿಕ್ಕಲ್ಲ. ರಾತ್ರಿ ಮೂರಕ್ಕೆ ರೆಪ್ಪೆ ಭಾರವಾದಾಗಲೂ ನಮ್ಮನ್ನು ನೆಲಕ್ಕೆ ಇಳಿಸಬೇಕಾದ ಮನುಷ್ಯನಿಗಾಗಿ. ತಯಾರಿ ಮಾಡಿಕೊಳ್ಳದವರಿಗೆ ವಿನಾಯಿತಿ ಸಿಕ್ಕಿತು, ಪೈಲಟ್‌ಗೆ ಸಿಗಬೇಕಿದ್ದ ನಿದ್ದೆ ಮುಂದಕ್ಕೆ ಹೋಯಿತು, ಮದುವೆಗೆ, ಆಸ್ಪತ್ರೆಗೆ, ಪರೀಕ್ಷೆಗೆ ಹೊರಟವರಿಗೆ ರೀಫಂಡ್ ಮೆಸೇಜು ಬಂತು. ದೇಶದೊಳಗೆ ಹಾರುವ ನೂರರಲ್ಲಿ ಅರವತ್ತಕ್ಕೂ ಹೆಚ್ಚು ಮಂದಿ ಕೂರುವುದು ಇದೊಂದೇ ಕಂಪನಿಯ ವಿಮಾನದಲ್ಲಿ. ಸಿಟ್ಟು ಮಾಡಿಕೊಂಡು ಇನ್ನೊಂದಕ್ಕೆ ಹೋಗುತ್ತೇವೆ ಅನ್ನಲು ನಮ್ಮೂರಲ್ಲಿ ಇನ್ನೊಂದು ಎಷ್ಟಿದೆ ಅನ್ನುವುದು ಕಂಪನಿಗೂ ಗೊತ್ತು, ಸಚಿವರಿಗೂ ಗೊತ್ತು.